ಹೊಳೆದಂಡೆ ಸಂಘದ ಅಧ್ಯಕ್ಷೆ ಮುದ್ದಮ್ಮ

ಮುದ್ದಮ್ಮನಿಗೆ ಎಡಗಿವಿ ಕೇಳಿಸುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ ಅದು. ಮದುವೆಯಾಗಿ ಆರನೇ ವರ್ಷ, ಮುದ್ದೆ ಗಂಟುಗಂಟಾಯಿತೆಂದು ಗಂಡ ಪುಟ್ಟಸ್ವಾಮಿ ಉಣ್ಣುತ್ತಿದ್ದ ಕೈಯಲ್ಲೇ ಬೀಸಿ ಹೊಡೆದ ಏಟಿಗೆ ಹೋದದ್ದು. ಕಿವಿಯಿಂದ ಸೋರಿದ ರಕ್ತವನ್ನು ಸೆರಗಿನಲ್ಲಿ ಒರೆಸಿಕೊಂಡು, ಇನ್ನೊಂದು ಮುದ್ದೆ ಕಟ್ಟಿ ತಟ್ಟೆಗಿಟ್ಟಳು. ಪುಟ್ಟಸ್ವಾಮಿ ಅದನ್ನೂ ಉಂಡು, ಕೈ ತೊಳೆದು, ಹೊಲಕ್ಕೆ ಹೋದ.

ಅವಳ ತವರು ಕೊಣನೂರಿನಿಂದಾಚೆ, ಕಾವೇರಿ ದಂಡೆಯ ಕಡೆ. ಕೊಟ್ಟದ್ದು ಅರಕಲಗೂಡಿನ ಹತ್ತಿರದ ಹಳ್ಳಿಗೆ. ಗಂಡನ ಮನೆಯಲ್ಲಿ ಆರು ಎಕರೆ ಜಮೀನು, ಹೊಗೆಸೊಪ್ಪಿನ ಬೇಸಾಯ. ಎರಡು ಸಲ ಬಸುರಾದಳು. ಮೊದಲನೆಯದು ತಾನಾಗಿ ಹೋಯಿತು. ಎರಡನೆಯದು ಐದು ತಿಂಗಳಿದ್ದಾಗ ಪುಟ್ಟಸ್ವಾಮಿಯ ಒದೆಗೆ ಹೋಯಿತು. ಹಾಗೆಂದು ಆಸ್ಪತ್ರೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಜಗುಲಿಯಿಂದ ಬಿದ್ದಳೆಂದು ಬರೆಸಿದರು.

ಅವಳಿಗೆ ಮೂವತ್ತನಾಲ್ಕು ತುಂಬಿದ ವರ್ಷ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೊಪ್ಪು ಏರಿಸುತ್ತಿದ್ದಾಗ, ಎಲೆ ಕಟ್ಟಿದ ಕೋಲೊಂದು ಅವಳ ಕೈಜಾರಿ ಬಿತ್ತು. ಪುಟ್ಟಸ್ವಾಮಿ ಅದೇ ಕೋಲಿನಲ್ಲಿ ಬೆನ್ನಿಗೆ, ತೊಡೆಗೆ, ಕೊನೆಗೆ ಮುಖಕ್ಕೂ ಹೊಡೆದ. ಆಮೇಲೆ ಅವಳನ್ನು ಒಳಕ್ಕೆ ನೂಕಿ ಹೊರಗಿನಿಂದ ಅಗುಳಿ ಹಾಕಿದ. ಬ್ಯಾರನ್ನೆಂದರೆ ಕಿಟಕಿಯಿಲ್ಲದ ಎತ್ತರದ ಮನೆ. ನೆಲದ ಮೇಲೆ ಕಬ್ಬಿಣದ ಕೊಳವೆಗಳು, ಅವುಗಳೊಳಗೆ ಬೆಂಕಿಯ ಕಾವು. ಒಲೆಗೆ ಆಗಲೇ ಸೌದೆ ಹಾಕಿಯಾಗಿತ್ತು. ಮುದ್ದಮ್ಮ ಬಾಗಿಲು ಬಡಿದಳು. ಕೂಗಿದಳು. ಗಂಟಲು ಒಣಗಿ ದನಿ ನಿಂತಿತು. ಅಂಗಾಲು ಸುಡತೊಡಗಿದಾಗ ಸೆರಗನ್ನು ಹರಿದು ಕಾಲಿಗೆ ಸುತ್ತಿಕೊಂಡಳು. ಎಷ್ಟು ಹೊತ್ತಾಯಿತೋ ಅವಳಿಗೆ ಗೊತ್ತಿಲ್ಲ. ಬಾಗಿಲು ತೆಗೆದವಳು ಅತ್ತೆ ದೊಡ್ಡತಾಯಮ್ಮ. ಅಷ್ಟು ವರ್ಷ ಮಗನ ಕಡೆಗೇ ನಿಂತ ಮುದುಕಿ ಅವತ್ತು ಒಂದೇ ಮಾತು ಹೇಳಿದಳು.

"ಓಗು. ಇಂತಿರ್‌ಗಿ ನೋಡ್ಬ್ಯಾಡ."

ಮುದ್ದಮ್ಮ ಹಾಗೇ ರಸ್ತೆಗೆ ಬಂದು ಸಿಕ್ಕಿದ ಬಸ್ಸು ಹತ್ತಿದಳು. ಅದು ಹೊಳೆನರಸೀಪುರದ ಬಸ್ಸು. ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳೊಬ್ಬಳು ಅವಳ ಊದಿದ ಮುಖ ನೋಡಿ, ಏನನ್ನೂ ಕೇಳದೆ, ಹೊಳೆ ಕಡೆಯ ಬೀದಿಯಲ್ಲಿದ್ದ ಹೆಂಚಿನ ಮನೆಗೆ ಕರೆದುಕೊಂಡು ಹೋಗಿ ಬಿಟ್ಟಳು.

ಆ ಮನೆ ಗೋದಮ್ಮನವರದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ಮೇಡಂ. ಅವರ ಪಾಠ ಕೇಳಿದ ಹುಡುಗಿಯೊಬ್ಬಳು ಮದುವೆಯಾದ ಎಂಟೇ ತಿಂಗಳಿಗೆ ಸುಟ್ಟ ಹೆಣವಾಗಿ ತವರಿಗೆ ಬಂದಿದ್ದಳು. ಆ ಹೆಣ ನೋಡಿ ಬಂದ ಮೇಡಂ ವಾರದೊಳಗೆ ಏಳು ಜನರನ್ನು ಕೂಡಿಸಿ 'ಹೊಳೆದಂಡೆ ಮಹಿಳಾ ಸಂಘ' ಎಂದು ನೋಂದಾಯಿಸಿದರು. ಏಟು ತಿಂದು ಮನೆ ಬಿಟ್ಟ ಹೆಂಗಸರಿಗೆ ತಮ್ಮ ಮನೆಯನ್ನೇ ಬಿಟ್ಟುಕೊಟ್ಟರು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹೆಂಗಸರೂ ಗಂಡಸರೂ ಸದಸ್ಯರಾದರು. ಮುದ್ದಮ್ಮ ಬರುವ ಹೊತ್ತಿಗೆ ಇನ್ನೂರರ ಮೇಲಿದ್ದರು.

ಬೈಲಾದಲ್ಲಿ ಮೇಡಂ ಹಟ ಹಿಡಿದು ಸೇರಿಸಿದ್ದ ಒಂದು ಮಾತಿತ್ತು. ಒಂಬತ್ತು ಜನರ ಆಡಳಿತ ಮಂಡಳಿಯಲ್ಲಿ ಮೂವರು ಈ ಮನೆಯಲ್ಲಿ ಆಶ್ರಯ ಪಡೆದು ಬದುಕಿದವರೇ ಆಗಿರಬೇಕು. ಸಂಜೆ ಹೆಂಗಸರೆಲ್ಲ ಅವರೆಕಾಯಿ ಸುಲಿಯುತ್ತ ಕೂತಾಗ ಮೇಡಂ ಬೈಲಾ ಓದಿ ಹೇಳುತ್ತಿದ್ದರು. ಒಂದು ದಿನ ಮುದ್ದಮ್ಮ, "ನಂಗ್ಯಾಕೆ ಇವೆಲ್ಲ ಮೇಡಮ್ಮೋರೆ, ನಾನು ಅಡ್ಗೆ ಮಾಡೋಳು" ಅಂದಳು.

"ಇದೆಲ್ಲ ನನಗೊಬ್ಬಳಿಗೇ ಗೊತ್ತಿದ್ರೆ ನಾನು ಸತ್ತ ಮಾರನೇ ದಿನ ಈ ಮನೆ ಇನ್ಯಾರದೋ ಆಗುತ್ತೆ. ಅದಕ್ಕೆ" ಎಂದರು ಗೋದಮ್ಮ. "ಹದಿನಾಲ್ಕನೇ ನಿಯಮ ಏನು, ಹೇಳು ನೋಡೋಣ."

ಹೇಳುವವರೆಗೂ ಬಿಡುತ್ತಿರಲಿಲ್ಲ. ಹೀಗೆ ಮುದ್ದಮ್ಮ ಅಡಿಗೆಯ ಜೊತೆಗೆ ಓದು ಕಲಿತಳು, ಸಹಿ ಕಲಿತಳು, ಒಂಬತ್ತನೇ ವರ್ಷಕ್ಕೆ ಮಂಡಳಿಗೂ ಬಂದಳು. ಸಭೆಯಲ್ಲಿ ಮೇಜಿನ ಎಡತುದಿಗೇ ಕೂರುತ್ತಿದ್ದಳು. ಅಲ್ಲಿ ಕೂತರೆ ಎಲ್ಲರೂ ಬಲಗಿವಿಯ ಕಡೆಗಿರುತ್ತಿದ್ದರು.

ಉಪಾಧ್ಯಕ್ಷರು ಚನ್ನರಾಯಪಟ್ಟಣದ ರವೀಂದ್ರ. ಅಕ್ಕಿ ಗಿರಣಿಯವರು. ಕೆಟ್ಟವರೆಂದು ಯಾರೂ ಹೇಳುತ್ತಿರಲಿಲ್ಲ. ಮಳೆಗೆ ಮಾಡು ಕುಸಿದಾಗ ಆಳುಗಳ ಜೊತೆ ತಾವೇ ನಿಂತು ಹೆಂಚು ಹೊದಿಸಿದ್ದರು. ಹೆಂಗಸರು ಅವರನ್ನು ಅಣ್ಣ ಎನ್ನುತ್ತಿದ್ದರು, ಅವರೂ ಯುಗಾದಿ ತಪ್ಪದೆ ಎಲ್ಲರಿಗೂ ಸೀರೆ ತರುತ್ತಿದ್ದರು.

ಮುದ್ದಮ್ಮ ಬಂದ ಹದಿಮೂರನೇ ವರ್ಷ ಜನವರಿಯಲ್ಲಿ, ಅಧ್ಯಕ್ಷರಾಗಿದ್ದ ಮೇಡಂಗೆ ಪಾರ್ಶ್ವವಾಯು ಹೊಡೆಯಿತು. ಹಾಸನದ ಆಸ್ಪತ್ರೆಗೆ ಸೇರಿಸಿದರು. ಅಧ್ಯಕ್ಷರಿಲ್ಲದಾಗ ಉಪಾಧ್ಯಕ್ಷರು ನಡೆಸಬೇಕೆಂದು ಬೈಲಾ ಹೇಳುತ್ತಿತ್ತು, ರವೀಂದ್ರ ನಡೆಸತೊಡಗಿದರು. ಅದಾಗಿ ಮೂರನೇ ವಾರಕ್ಕೆ ಸೌಜನ್ಯ ಬಂದಳು.

ಸೌಜನ್ಯ ದಂಡಿಗನಹಳ್ಳಿ ಕಡೆಯ ಹುಡುಗಿ, ಇಪ್ಪತ್ತಮೂರು ವರ್ಷ. ಗಂಡ ಪೃಥ್ವಿರಾಜ್ ಶಾಂತಿಗ್ರಾಮದವನು, ಎರಡು ಜೆಸಿಬಿ ಇಟ್ಟುಕೊಂಡಿದ್ದ. ಹೆಲ್ಮೆಟ್ಟಿನಿಂದ ಹೊಡೆದು ಅವಳ ಕೆಳದವಡೆ ಮುರಿದಿದ್ದ. ಡಾಕ್ಟರು ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದರು, ಬಾಯಿ ತೆರೆಯುವಂತಿರಲಿಲ್ಲ. ಮುದ್ದಮ್ಮ ರಾಗಿ ಅಂಬಲಿ ಸೋಸಿ, ಹಲ್ಲಿನ ಸಂದಿಯಲ್ಲಿ ಕೊಳವೆ ಇಟ್ಟು ಕುಡಿಸುತ್ತಿದ್ದಳು. ಹುಡುಗಿ ತಾನು ಹೇಳಬೇಕಾದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಬಂದ ದಿನ ಬರೆದದ್ದು ಇಷ್ಟೇ: "ಅವನು ರವೀಂದ್ರ ಮಾವನ ಅಕ್ಕನ ಮಗ. ನನ್ನ ಇಟ್ಕೋತೀರಾ?"

"ಇಟ್ಕಳ್ದೆ?" ಅಂದಳು ಮುದ್ದಮ್ಮ.

ಆರನೇ ದಿನಕ್ಕೆ ರವೀಂದ್ರ ತುರ್ತು ಸಭೆ ಕರೆದರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಒಂದೇ ದಿನದ ನೋಟಿಸಾದ್ದರಿಂದ ಐದು ಜನ ಬಂದಿದ್ದರು. ರವೀಂದ್ರ, ಅವರ ಮಾತಿಗೆ ತಲೆಯಾಡಿಸುವ ಇಬ್ಬರು, ಕಾರ್ಯದರ್ಶಿ ಹಂಸ, ಮುದ್ದಮ್ಮ. ಹಂಸ ಹಾಸನದಲ್ಲಿ ವಕೀಲಿ ಮಾಡುವವಳು, ಮೇಡಂ ಶಿಷ್ಯೆ. ಸಭೆ ಸಿಂಧುವಾಗಲು ಕನಿಷ್ಠ ಐದು ಜನ ಬೇಕು.

"ನಮ್ಮುಡ್ಗ ತಪ್ಪು ಮಾಡವ್ನೆ, ನಾನು ಇಲ್ಲ ಅನ್ನಲ್ಲ" ಎಂದು ರವೀಂದ್ರ ಶುರು ಮಾಡಿದರು. "ಬರ್ಸಿ ಸಹಿ ಹಾಕುಸ್ತೀನಿ. ಇನ್ಮೇಲೆ ಕೈ ಮಾಡಲ್ಲ ಅಂತ. ಸಂಘ ರಾಜಿ ಮಾಡಿ ಹುಡುಗೀನ ಕಳ್ಸಿಕೊಡ್ತು ಅಂತ ಒಂದು ಠರಾವು ಬರೀರಿ."

ಹಂಸ ಪೆನ್ನು ಕೆಳಗಿಟ್ಟಳು. "ಅವಳನ್ನ ಕೇಳಿದ್ದೀರಾ?"

ಸೌಜನ್ಯಳನ್ನು ಕರೆಸಿದರು. ಅವಳು ಮೇಜಿನ ಮುಂದೆ ನಿಂತು ನೋಟ್‌ಬುಕ್ ತೆರೆದು ಎರಡಕ್ಷರ ಇಷ್ಟಗಲಕ್ಕೆ ಬರೆದು ಎಲ್ಲರ ಕಡೆಗೂ ತಿರುಗಿಸಿ ತೋರಿಸಿದಳು. ಒಲ್ಲೆ.

"ಹುಡುಗಿ, ಗೊತ್ತಾಗಲ್ಲ" ಎಂದರು ರವೀಂದ್ರ. "ಮತಕ್ಕೆ ಹಾಕಾಣ."

ಮುದ್ದಮ್ಮ ಎದ್ದು ನಿಂತಳು. "ಅಣ್ಣಾ, ಅದಿನಾಕ್ನೇದ್ರಲ್ಲಿ ಬರ್ದೈತೆ. ಸ್ವಂತ್‌ದೋರ ಇಚಾರ ಬಂದ್ರೆ ಆ ಮೆಂಬರು ಆ ಸಭೇಲಿ ಕೂರಂಗಿಲ್ಲ. ನೀವು ಆಚಿಗ್ ಓಗ್ಬೇಕು."

"ನಾನು ಎದ್ದೋದ್ರೆ ನಾಲ್ಕೇ ಜನ. ಕೋರಂ ಇರಲ್ಲ. ಯಾವ ತೀರ್ಮಾನಾನೂ ಆಗಲ್ಲ."

"ಆಗ್ದಿದ್ರೆ ಬ್ಯಾಡ ಬುಡಿ."

"ನಾನು ಏಳಲ್ಲ ಕಣವ್ವ. ಏನ್ ಮಾಡ್ತೀಯ?"

"ಅಂಗಾದ್ರೆ ನಾನೇ ಎದ್ದೆ" ಎಂದು ಮುದ್ದಮ್ಮ ಮೇಜಿನ ಮೇಲಿದ್ದ ನಡಾವಳಿ ಪುಸ್ತಕವನ್ನು ತೆಗೆದು ಎದೆಗವಚಿಕೊಂಡು, ಸೌಜನ್ಯಳ ರಟ್ಟೆ ಹಿಡಿದು ಅಡಿಗೆಮನೆ ಕಡೆಗೆ ಹೊರಟಳು. ಹಂಸ ಗಡಿಯಾರ ನೋಡಿ ಜೋರಾಗಿ ಹೇಳಿದಳು: "ಹನ್ನೊಂದು ನಲವತ್ತು. ಕೋರಂ ಇಲ್ಲದೆ ಸಭೆ ಮುಗಿದಿದೆ."

ಇಬ್ಬರು ಹೆಂಗಸರು ತಮ್ಮನ್ನು ಹೀಗೆ ಕೂರಿಸಿಬಿಟ್ಟದ್ದು ರವೀಂದ್ರರಿಗೆ ನುಂಗಲಾರದ ತುತ್ತಾಗಿತ್ತು. ಎದ್ದು ಅಂಗಳ ದಾಟಿ ಹೋಗಿ ಗೇಟಿನ ಚಿಲಕ ತೆಗೆದರು. ಬೀದಿಯಲ್ಲಿ ಕಾರು ನಿಂತಿತ್ತು. ಪೃಥ್ವಿರಾಜ್ ಮತ್ತೆ ಮೂವರು ಇಳಿದರು. ಪೃಥ್ವಿರಾಜನ ಕೈಯಲ್ಲಿ ಮಚ್ಚು, ಒಬ್ಬನ ಕೈಯಲ್ಲಿ ಹಾಕಿ ಸ್ಟಿಕ್ಕು.

ಮನೆಯಲ್ಲಿ ಹನ್ನೊಂದು ಹೆಂಗಸರು, ಆರು ಮಕ್ಕಳು. ಮೊದಲು ಕಿಟಕಿಯ ಗಾಜು ಒಡೆದ ಸದ್ದು, ಹಿಂದೆಯೇ ಮಕ್ಕಳ ಚೀರಾಟ. ಹಂಸ ಪೊಲೀಸರಿಗೆ ಫೋನು ಹಚ್ಚಿದ್ದಳು. ಸ್ಟಿಕ್ಕಿನವನು ಅವಳ ಹೆಗಲಿಗೇ ಬಾರಿಸಿದ, ಫೋನು ಗೋಡೆಗೆ ಬಡಿದು ಚೂರಾಯಿತು, ಅವಳು ಮೇಜಿನ ಕೆಳಗೆ ಕುಸಿದಳು. ಮುದ್ದಮ್ಮ ಸೌಜನ್ಯಳನ್ನು ಉಗ್ರಾಣಕ್ಕೆ ನೂಕಿ, ಬಾಗಿಲೆಳೆದು, ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಳು.

"ಸರ್‍ಕೋ ಮುದ್ಕಿ" ಅಂದ ಪೃಥ್ವಿರಾಜ್.

"ಓಗಪ್ಪ. ಮನ್ಗೋಗು. ಮಕ್ಳವೆ ಇಲ್ಲಿ."

ಅವನು ಮಚ್ಚೆತ್ತಿ ಬೀಸಿದ. ಮುದ್ದಮ್ಮ ಪುಸ್ತಕ ಹಿಡಿದಿದ್ದ ಎಡಗೈಯನ್ನು ಮುಖಕ್ಕೆ ಅಡ್ಡ ತಂದಳು. ಮಚ್ಚು ಪುಸ್ತಕದ ರಟ್ಟನ್ನು ಸೀಳಿಕೊಂಡು ಅವಳ ಕಿರುಬೆರಳು, ಉಂಗುರದ ಬೆರಳುಗಳನ್ನು ತುಂಡರಿಸಿತು. ನೋವಾಗಲಿಲ್ಲ. ನೆಲದ ಮೇಲೆ ಬಿದ್ದಿದ್ದ ಬೆರಳುಗಳನ್ನು ನೋಡಿದಳು. ಹುರುಳಿಕಾಯಿಯ ಹಾಗಿವೆಯಲ್ಲ ಅನಿಸಿತು. ಅವನು ಎರಡನೇ ಸಲ ಎತ್ತುವಷ್ಟರಲ್ಲಿ ಅವಳು ಹಿಂದಕ್ಕೆ ತಿರುಗಿ, ಒಲೆಯ ಮೇಲೆ ಮುದ್ದೆಗೆಂದು ಕುದಿಯುತ್ತಿದ್ದ ಎಸರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮೇಲೆ ಸುರಿದಳು.

ಅವನು ಕಿರುಚಿದ್ದು ಹೊಳೆಯಾಚೆಗೂ ಕೇಳಿತೆಂದು ಜನ ಆಮೇಲೆ ಹೇಳಿದರು. ಎದೆ, ತೊಡೆ ಬೆಂದು ಅವನು ಮಚ್ಚು ಬಿಟ್ಟು ಉರುಳಿದ. ಅಲ್ಲಿಯವರೆಗೆ ಮೂಲೆ ಹಿಡಿದಿದ್ದ ಹೆಂಗಸರಿಗೆ ಎಲ್ಲಿತ್ತೋ ಕಸುವು. ಸಂಡೂರು ಕಡೆಯಿಂದ ಬಂದಿದ್ದ ಬಾಣಂತಿಯೊಬ್ಬಳು ಮೊದಲು ಅವನ ಮೇಲೆ ಬಿದ್ದಳು. ಹಿಂದೆಯೇ ಎಲ್ಲರೂ. ಸೌಟು, ಮಣೆ, ಪೊರಕೆಯ ಹಿಡಿ, ಕೈಗೆ ಸಿಕ್ಕಿದ್ದು. ಜೊತೆಗೆ ಬಂದ ಮೂವರು ಕಾರು ಹತ್ತಿ ಓಡಿಹೋದರು. ಮುದ್ದಮ್ಮ ಬಲಗೈಯಲ್ಲಿ ಖಾಲಿ ಪಾತ್ರೆ ಹಿಡಿದು ಅವನ ತಲೆಗೆ ಹೊಡೆದಳು, ಮತ್ತೆ ಹೊಡೆದಳು. ಅವನ ಮುಖ ಅವನದಾಗಿ ಕಾಣುತ್ತಿರಲಿಲ್ಲ, ಪುಟ್ಟಸ್ವಾಮಿಯದಾಗಿ ಕಾಣುತ್ತಿತ್ತು. ಹಂಸ ಮುರಿದ ಹೆಗಲಿನಲ್ಲೇ ತೆವಳಿ ಬಂದು ಅವಳ ಕಾಲು ಹಿಡಿದು, "ಸಾಯ್ತಾನೆ ಮುದ್ದಕ್ಕ, ಬಿಡಿ, ಬಿಡಿ" ಎಂದು ಕೂಗಿದ ಮೇಲೆ ನಿಂತಳು.

ರವೀಂದ್ರ ಅಂಗಳದಲ್ಲಿ ನಿಂತು, "ಬ್ಯಾಡ ಕಣ್ರೋ, ಬ್ಯಾಡ ಕಣ್ರೋ" ಎನ್ನುತ್ತಲೇ ಇದ್ದರು. ಯಾರಿಗೆ ಹೇಳುತ್ತಿದ್ದರೋ.

ಬೆರಳುಗಳನ್ನು ಪಿಂಗಾಣಿ ಬಟ್ಟಲಲ್ಲಿಟ್ಟು ಹಾಸನಕ್ಕೆ ಒಯ್ದರು. ಕೂಡಿಸಲಾಗಲಿಲ್ಲ. ಸೀಳಿದ ನಡಾವಳಿ ಪುಸ್ತಕವನ್ನು ಪೊಲೀಸರು ಸಾಕ್ಷಿಗೆಂದು ತೆಗೆದುಕೊಂಡರು. ಪೃಥ್ವಿರಾಜ್ ಆಸ್ಪತ್ರೆಯಿಂದ ಜೈಲಿಗೆ ಹೋದ.

ಆಸ್ಪತ್ರೆಯ ಮಂಚದ ಮೇಲೆ ಮುದ್ದಮ್ಮನಿಗೆ ಕಾಡಿದ್ದು ಬೆರಳಿನ ನೋವಲ್ಲ. ಪಾತ್ರೆ ಅವನ ತಲೆಗೆ ತಗುಲಿದಾಗಲೆಲ್ಲ ಒಳಗೆ ಏನೋ ಹಾಯಾಗಿತ್ತು. ಹದಿನಾರು ವರ್ಷ ಹೊಡೆಸಿಕೊಂಡವಳಿಗೆ ಹೊಡೆಯುವುದರಲ್ಲಿ ಇಷ್ಟು ಸುಖವಿದೆಯೆಂದು ಗೊತ್ತಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಪುಟ್ಟಸ್ವಾಮಿಗೂ ಹೀಗೇ ಆಗುತ್ತಿತ್ತೇನೋ ಎಂದು ಹೊಳೆದಾಗ ಎದ್ದು ಕೂತಳು, ಬೆಳಗಿನ ತನಕ ಮಲಗಲಿಲ್ಲ.

ರವೀಂದ್ರ ಕುರ್ಚಿ ಬಿಡಲಿಲ್ಲ. ಗೇಟು ತೆಗೆದದ್ದು ತಪ್ಪಲ್ಲ, ಮಾತಾಡಲು ಬಂದವರೆಂದು ತೆಗೆದೆ ಎಂದರು. ಅವರ ಮೇಲಿನ ಕೇಸು ನಿಧಾನಕ್ಕೆ ಸಾಗುತ್ತಿತ್ತು. ಅಷ್ಟರಲ್ಲಿ ಮನೆಗೆ ಬೀಗ ಹಾಕಿಸಿ ಹೆಂಗಸರನ್ನು ಬೇರೆ ಕಡೆ ಕಳಿಸುವ ಮಾತು ಎದ್ದಿತು. ಹಂಸ ಬೈಲಾ ತಿರುವಿ ದಾರಿ ಹುಡುಕಿದಳು. ಐದರಲ್ಲೊಂದು ಪಾಲು ಸದಸ್ಯರು ಸಹಿ ಹಾಕಿ ಕೇಳಿದರೆ ವಿಶೇಷ ಸರ್ವಸದಸ್ಯರ ಸಭೆ ಕರೆಯಲೇಬೇಕು. ಸದಸ್ಯರು ಇನ್ನೂರ ನಲವತ್ತು. ನಲವತ್ತೆಂಟು ಸಹಿ ಬೇಕು.

ಹೆಗಲಿಗೆ ಪಟ್ಟಿ ಕಟ್ಟಿದ ಹಂಸ, ಕೈಗೆ ಪಟ್ಟಿ ಕಟ್ಟಿದ ಮುದ್ದಮ್ಮ ಬಸ್ಸಿನಲ್ಲಿ ಊರೂರು ತಿರುಗಿದರು. ಚನ್ನರಾಯಪಟ್ಟಣದಲ್ಲಿ ಕೆಲವರು ಬಾಗಿಲನ್ನೇ ತೆಗೆಯಲಿಲ್ಲ. ಶಾಂತಿಗ್ರಾಮದಲ್ಲಿ ಪೃಥ್ವಿರಾಜನ ಕಡೆಯವರು ಅಡ್ಡಗಟ್ಟಿ ಕಲ್ಲು ತೂರಿದರು. ಬಸ್ಸಿನ ಕಂಡಕ್ಟರು ಇಬ್ಬರನ್ನೂ ಒಳಗೆಳೆದುಕೊಂಡು ಬಾಗಿಲು ಹಾಕಿದ. ಹಾಗಿದ್ದೂ ಎರಡೇ ವಾರದಲ್ಲಿ ನಲವತ್ತರ ಹತ್ತಿರ ಬಂದಿತ್ತು.

ಸದಸ್ಯರ ಪಟ್ಟಿ ಹಿಡಿದು ಅರಕಲಗೂಡಿನ ಕಡೆ ಹೋದಾಗ ಹಂಸ ಒಂದು ಹೆಸರಿನ ಮೇಲೆ ಬೆರಳಿಟ್ಟಳು. "ದೊಡ್ಡತಾಯಮ್ಮ ಅಂತ ಇದೆ. ಹೋದ ವರ್ಷ ಮೇಡಂ ಈ ಕಡೆ ಬಂದಿದ್ದಾಗ ಸದಸ್ಯರಾಗಿದ್ದಾರೆ. ನಿಮ್ಮೂರೇ ಅಲ್ವಾ?"

ಮುದ್ದಮ್ಮ ಹದಿಮೂರು ವರ್ಷದ ಮೇಲೆ ಆ ಬೀದಿಗೆ ಕಾಲಿಟ್ಟಳು. ಅತ್ತೆ ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ಕೂತಿದ್ದಳು. ಹುಬ್ಬಿನ ಮೇಲೆ ಹಳೆಯ ಗಾಯ, ಮಣಿಕಟ್ಟು ಸೊಟ್ಟ. ಮುದ್ದಮ್ಮ ಅದನ್ನು ನೋಡಿದ ಕೂಡಲೇ ಯಾರು ಮಾಡಿದ್ದೆಂದು ಕೇಳಬೇಕಾಗಲಿಲ್ಲ. ಹೊಡೆಯಲು ಹೆಂಡತಿಯಿಲ್ಲದ ಮನೆಯಲ್ಲಿ ಪುಟ್ಟಸ್ವಾಮಿ ತಾಯಿಯ ಮೇಲೆ ಕೈ ಹಚ್ಚಿದ್ದ.

"ಎಬ್ಬೆಟ್ಟು ಎಲ್ಲಿ ಒತ್ಬೇಕವ್ವ?" ಎಂದಳು ಮುದುಕಿ.

ಅಷ್ಟರಲ್ಲಿ ಪುಟ್ಟಸ್ವಾಮಿ ಹಿತ್ತಿಲಿಂದ ಬಂದ. ಹಣ್ಣಾಗಿದ್ದ, ಆದರೆ ದನಿ ಅದೇ. "ಯಾವಳೇ ಅದು" ಎಂದವನೇ ಮುದ್ದಮ್ಮನನ್ನು ಗುರುತಿಸಿ, ಗೋಡೆಗೊರಗಿಸಿದ್ದ ಕೋಲಿಗೆ ಕೈ ಹಾಕಿದ. ಮುದ್ದಮ್ಮ ಅಲ್ಲಾಡಲಿಲ್ಲ. ಹೆಬ್ಬೆಟ್ಟಿಗೆ ಶಾಯಿ ಹಚ್ಚುತ್ತಲೇ ಹೇಳಿದಳು: "ಒಡಿ. ವಕೀಲಮ್ಮ ಇಲ್ಲೇ ಅವ್ಳೆ. ಒಡ್ದು ನೋಡು."

ಅವನು ಹಂಸಳ ಕಡೆ ನೋಡಿ, ಕೋಲನ್ನು ನೆಲಕ್ಕೆ ಕುಕ್ಕಿ, ಉಗಿದು ಹಿತ್ತಿಲಿಗೆ ಹೋದ. ಮುದ್ದಮ್ಮ ಅತ್ತೆಯ ಬಟ್ಟೆಗಂಟು ಕಟ್ಟಿ ಅದೇ ದಿನದ ಬಸ್ಸಿಗೆ ಸಂಘದ ಮನೆಗೆ ಕರೆದುಕೊಂಡು ಬಂದಳು.

ನಲವತ್ತೆಂಟು ಸಹಿಯೂ ತುಂಬಿ, ಏಪ್ರಿಲ್ಲಿನಲ್ಲಿ ಹೊಳೆನರಸೀಪುರದ ಒಂದು ಕಲ್ಯಾಣಮಂಟಪದಲ್ಲಿ ವಿಶೇಷ ಸಭೆ ಸೇರಿತು. ಮಧ್ಯಾಹ್ನ ಮೂರು ಗಂಟೆ. ಮೇಡಂ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಮುಖದ ಒಂದು ಪಕ್ಕ ಜೋತಿತ್ತು, ಮಾತು ತೊದಲುತ್ತಿತ್ತು, ಆದರೂ ಸಭೆ ನಡೆಸಿದ್ದು ಅವರೇ. ರವೀಂದ್ರರ ಗಿರಣಿಯ ಮೂವತ್ತು ಆಳುಗಳು ಹಿಂದಿನ ಸಾಲಿನಲ್ಲಿ ಕೂತಿದ್ದರು, ಒಬ್ಬನೂ ಸದಸ್ಯನಲ್ಲ. ಸದಸ್ಯರಲ್ಲದವರು ಹೊರಗೆ ಹೋಗಬೇಕೆಂದು ಹಂಸ ಹೇಳಿದ್ದೇ ತಡ, ಪ್ಲಾಸ್ಟಿಕ್ ಕುರ್ಚಿಗಳು ಹಾರಿದವು. ಸಂಘದ ಅಡಿಗೆಯ ಮಲ್ಲಿಗಮ್ಮನ ಹಣೆ ಒಡೆದು ಮುಖವೆಲ್ಲ ರಕ್ತವಾಯಿತು. ಯಾರದೋ ಜುಟ್ಟು ಯಾರದೋ ಕೈಯಲ್ಲಿ, ಮೈಕು ನೆಲದ ಮೇಲೆ ಕೀಚಲು ಕೂಗುತ್ತಿತ್ತು. ಪೊಲೀಸರು ಬಂದು ಆಳುಗಳನ್ನು ಎಳೆದುಹಾಕುವವರೆಗೆ ಇಪ್ಪತ್ತು ನಿಮಿಷ ಬಡಿದಾಟ ನಡೆಯಿತು.

ಜನ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಕುರ್ಚಿಗಳನ್ನು ನೆಟ್ಟಗೆ ಮಾಡಿ ಮತ್ತೆ ಕೂತರು. ಮಲ್ಲಿಗಮ್ಮ ಹಣೆಗೆ ಸೆರಗು ಒತ್ತಿಕೊಂಡು, "ಮತ ಆಕಿದ್ ಮ್ಯಾಲೆ ಆಸ್ಪತ್ರೆಗ್ ಓಯ್ತೀನಿ" ಎಂದಳು. ರವೀಂದ್ರರನ್ನು ತೆಗೆಯಬೇಕೆಂದು ನೂರ ಹನ್ನೆರಡು, ಬೇಡವೆಂದು ಮೂವತ್ತೊಂಬತ್ತು. ಮೇಡಂ ತಾವೂ ರಾಜೀನಾಮೆ ಕೊಟ್ಟು, ಅಧ್ಯಕ್ಷೆಯ ಸ್ಥಾನಕ್ಕೆ ತೊದಲುತ್ತಲೇ ಮುದ್ದಮ್ಮನ ಹೆಸರು ಹೇಳಿದರು. ಎದುರಾಗಿ ಯಾರೂ ನಿಲ್ಲಲಿಲ್ಲ.

ಹೊರಗೆ ರವೀಂದ್ರ ಅವಳನ್ನು ತಡೆದು ನಿಲ್ಲಿಸಿದರು. "ಅವನು ಬರೀ ಮಾತಾಡ್ತಾನೆ ಅನ್ಕೊಂಡಿದ್ದೆ ಕಣವ್ವ, ದೇವ್ರಾಣೆ."

"ಅವನ್ ಕೈಲಿದ್ ಮಚ್ಚು ಕಾಣ್ಲಿಲ್ವಾ ಅಣ್ಣ ನಿಮ್ಗೆ?"

ಅವರು ತಿರುಗಿ ಗೇಟಿನ ಕಡೆ ನಡೆದರು. ಆಮೇಲೆ ಆ ಕಡೆ ತಲೆಹಾಕಲಿಲ್ಲ.

ಅಧ್ಯಕ್ಷೆಯಾದ ಮುದ್ದಮ್ಮ ಮೊದಲ ವಾರ್ಷಿಕ ಸಭೆಯಲ್ಲಿ ಒಂದು ತಿದ್ದುಪಡಿ ತಂದಳು. ಸಂಘದ ಮನೆಯಲ್ಲಿರುವವರ ಮೇಲೆ ಕೈ ಮಾಡಿದ ಪದಾಧಿಕಾರಿಯನ್ನು ಮಂಡಳಿ ವಿಚಾರಿಸಿ, ತಪ್ಪು ಕಂಡರೆ ತೆಗೆಯತಕ್ಕದ್ದು. ಮತ್ತೆ ಐದು ವರ್ಷ ಅವರು ಚುನಾವಣೆಗೆ ನಿಲ್ಲತಕ್ಕದ್ದಲ್ಲ. ಹಂಸ ನಕ್ಕಳು. "ನಮ್ಮಲ್ಲಿ ಹೊಡೆಯೋರು ಯಾರಿದ್ದಾರೆ ಮುದ್ದಕ್ಕ?" ಮುದ್ದಮ್ಮ ಅದನ್ನು ಬರೆಯಿಸಿ, ಓದಿಸಿ, ಸಹಿ ಹಾಕಿದಳು.

ಎರಡು ವರ್ಷ ಚೆನ್ನಾಗಿ ನಡೆಸಿದಳು. ಠಾಣೆಗಳಲ್ಲಿ ಕೂತು ದೂರು ಬರೆಸಿದಳು. ಮಾತು ಮುಗಿಯುವ ಮೊದಲೇ ಯಾರೂ ಬಾಯಿ ಹಾಕಬಾರದೆಂದು ಮಂಡಳಿಯಲ್ಲಿ ಪಟ್ಟು ಹಿಡಿದಳು. ಒಂದೇ ಕಿವಿಯವಳಿಗೆ ಅದು ಬೇಕೇ ಬೇಕಿತ್ತು. ಸೌಜನ್ಯಳ ದವಡೆ ಕೂಡಿತು, ಮಾತು ಬಂತು, ಚುನಾವಣೆಯಲ್ಲಿ ಗೆದ್ದು ಅವಳೂ ಮಂಡಳಿಗೆ ಬಂದಳು.

ಮೂರನೇ ವರ್ಷದ ಶ್ರಾವಣದಲ್ಲಿ ಆಶಾರಾಣಿ ಬಂದಳು, ಐದು ವರ್ಷದ ಮಗಳ ಜೊತೆ. ಕೊಣನೂರಿನ ಕಡೆಯವಳು. ಗಂಡ ಅವಳ ಬೆನ್ನಿನ ತುಂಬ ಬೀಡಿ ಒತ್ತಿದ್ದ. ಏಟು ತಿಂದು ತಿಂದು ಅವಳ ಸಿಟ್ಟೆಲ್ಲ ಮಗುವಿನ ಮೇಲೆ ತಿರುಗಿತ್ತು. ಚಿವುಟುತ್ತಿದ್ದಳು, ಕೂದಲು ಹಿಡಿದೆಳೆಯುತ್ತಿದ್ದಳು. ಮುದ್ದಮ್ಮ ಎರಡು ಸಲ ಕೂರಿಸಿಕೊಂಡು ಹೇಳಿದ್ದಳು. ಒಂದು ಬೆಳಿಗ್ಗೆ ಮಗು ಹಾಲು ಚೆಲ್ಲಿತು. ಆಶಾರಾಣಿ ಕಬ್ಬಿಣದ ಸೌಟು ತೆಗೆದು ಮಗುವಿನ ಹೊಟ್ಟೆಗೆ ಬಾರಿಸಿದಳು.

ಹೊಟ್ಟೆಗೆ ಬಿದ್ದ ಆ ಏಟು ಮುದ್ದಮ್ಮನ ಕಣ್ಣಿಗೆ ಬಿತ್ತು. ಹೇಗೆ ದಾಟಿ ಬಂದಳೋ, ಸೌಟು ಯಾವಾಗ ತನ್ನ ಕೈಗೆ ಬಂತೋ ಗೊತ್ತಾಗಲಿಲ್ಲ. ಆಶಾರಾಣಿಯ ಹೆಗಲಿಗೆ, ಬೀಡಿಯ ಗಾಯದ ಬೆನ್ನಿಗೆ, ಬಾಯಿಗೆ. ಯಾರೋ ಕೂಗುತ್ತಿದ್ದರು, ಎಡಗಡೆಯಿಂದ ಕೂಗಿದ್ದರಿಂದ ಕೇಳಿಸಲಿಲ್ಲ. ಸೌಜನ್ಯ ಹಿಂದಿನಿಂದ ತಬ್ಬಿ ಎಳೆದಾಗ ನಿಂತಳು. ಆಶಾರಾಣಿ ನೆಲದ ಮೇಲೆ ಮುದುಡಿದ್ದಳು. ಮುಂದಿನ ಹಲ್ಲೊಂದು ಮುರಿದು, ತುಟಿ ಸೀಳಿತ್ತು. ಮಗು ಅಮ್ಮನ ಮೇಲೆ ಬಿದ್ದು ಅವಳನ್ನು ಮುಚ್ಚಿಕೊಂಡು, ಮುದ್ದಮ್ಮನನ್ನೇ ನೋಡುತ್ತ ನಡುಗುತ್ತಿತ್ತು.

ಮುದ್ದಮ್ಮ ಸೌಟು ಕೆಳಗಿಟ್ಟಳು. ಆಟೋ ತರಿಸಿ ತಾಯಿ ಮಗಳಿಬ್ಬರನ್ನೂ ಆಸ್ಪತ್ರೆಗೆ ಕಳಿಸಿದಳು. ಆಮೇಲೆ ಕಚೇರಿಗೆ ಹೋಗಿ ಘಟನೆಗಳ ಪುಸ್ತಕ ತೆಗೆದು ತನ್ನ ಕೈಯಲ್ಲೇ ಬರೆದಳು: "ಅಧ್ಯಕ್ಷೆ ಮುದ್ದಮ್ಮ ಆದ ನಾನು ಆಶಾರಾಣಿಗೆ ಸೌಟಿನಲ್ಲಿ ಆರೇಳು ಏಟು ಹೊಡೆದಿರುತ್ತೇನೆ. ಹಲ್ಲು ಮುರಿದಿರುತ್ತದೆ." ಮಂಡಳಿ ಕರೆಯುವಂತೆ ಹಂಸಳಿಗೆ ಹೇಳಿದಳು.

"ಆಶಾರಾಣಿ ದೂರು ಕೊಡಲ್ಲ ಅಂದಿದ್ದಾಳೆ. ಮಗು ಉಳಿಸೋಕೆ ಮಾಡಿದ್ದು, ಯಾರೂ ತಪ್ಪು ಅನ್ನಲ್ಲ" ಎಂದಳು ಹಂಸ.

"ಮೊದ್ಲನೇ ಏಟು ಮಗೀಗೋಸ್ಕರ ಕಣವ್ವ. ಮಿಕ್ಕಿದ್ದು ಅಲ್ಲ."

ಸಭೆಯ ದಿನ ಅವಳು ಒಳಗೆ ಕೂರಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಕೂತು ಕಾದಳು. ನಿಜ ಹೇಳಬೇಕೆಂದರೆ, ಮಂಡಳಿ ತನ್ನನ್ನು ಕೈಬಿಡುವುದಿಲ್ಲವೆಂಬ ಆಸೆ ಅವಳಿಗೂ ಇತ್ತು. ಒಂದು ಗಂಟೆಯ ಮೇಲೆ ಸೌಜನ್ಯ ಹೊರಗೆ ಬಂದು ಎದುರಿಗೆ ನಿಂತಳು.

"ತೆಗ್ದಿದ್ದೀವಿ ಮುದ್ದಕ್ಕ. ಐದು ಮೂರು." ಉಸಿರೆಳೆದುಕೊಂಡಳು. "ಠರಾವು ಮಂಡಿಸಿದ್ದು ನಾನು."

ಮುದ್ದಮ್ಮನ ಕಣ್ಣು ತನ್ನ ಎಡಗೈಯ ಮೇಲೆ ಹೋಯಿತು. ಸೌಜನ್ಯ ಅದನ್ನು ನೋಡಿ ಅಳತೊಡಗಿದಳು, ಆದರೆ ಮಾತು ಹಿಂತೆಗೆಯಲಿಲ್ಲ. "ನಿಮ್ಮ ಬೆರಳಿನ ಋಣ ನನ್ನ ಮೇಲಿದೆ. ಅದನ್ನ ಆಶಾರಾಣಿ ಬೆನ್ನಿಂದ ತೀರಿಸೋಕಾಗಲ್ಲ."

ಮುದ್ದಮ್ಮನಿಗೆ ಸಿಟ್ಟು ಬಂತು, ನೆತ್ತಿಗೇರುವಂಥ ಸಿಟ್ಟು. ಈ ಹುಡುಗಿಯ ಕೆನ್ನೆಗೆ ಬಿಗಿಯಬೇಕೆನಿಸಿತು. ಕೈ ಬಿಗಿಯಾದದ್ದು ಅವಳಿಗೇ ಕಂಡಿತು. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ಮುಂದ್ಕೆ ಯಾರನ್ನ ಮಾಡಿದ್ರಿ?" ಎಂದು ಕೇಳಿದಳು.

"ಸದ್ಯಕ್ಕೆ ನನ್ನ."

"ಉಗ್ರಾಣದ ಬೀಗ ಸರಿಗಿಲ್ಲ. ಮೊದ್ಲು ಅದ್ನ ಮಾಡ್ಸು."

ಅವಳು ಮನೆ ಬಿಟ್ಟು ಹೋಗಲಿಲ್ಲ. ಅಡಿಗೆಗೆ ಮರಳಿದಳು. ಅತ್ತೆ ದೊಡ್ಡತಾಯಮ್ಮನಿಗೆ ಕೊನೆಯ ತನಕ ತುತ್ತು ತಿನ್ನಿಸಿ, ಅವಳು ಸತ್ತಾಗ ತಾನೇ ನಿಂತು ಮಣ್ಣು ಮಾಡಿಸಿದಳು. ಪುಟ್ಟಸ್ವಾಮಿಗೆ ಹೇಳಿ ಕಳಿಸಿದರೂ ಬರಲಿಲ್ಲ. ಪೃಥ್ವಿರಾಜನಿಗೆ ಏಳು ವರ್ಷ ಸಜೆಯಾಯಿತು. ಸೌಜನ್ಯ ಮುಂದಿನ ಚುನಾವಣೆಯಲ್ಲಿ ಪೂರ್ಣಾವಧಿಗೆ ಗೆದ್ದಳು. ಸ್ವಲ್ಪ ಗಡಸು, ಸರಿಯಾಗಿ ನಿದ್ದೆ ಮಾಡುವುದಿಲ್ಲ, ಆದರೆ ಮನೆ ನಡೆಯುತ್ತಿದೆ.

ಆಶಾರಾಣಿ ಎಂಟು ತಿಂಗಳು ಅಲ್ಲೇ ಇದ್ದಳು. ಮುದ್ದಮ್ಮ ಬಡಿಸಿದ್ದನ್ನು ಉಣ್ಣುತ್ತಿದ್ದಳು, ಮಾತಾಡುತ್ತಿರಲಿಲ್ಲ. ಮುದ್ದಮ್ಮ ಒಮ್ಮೆ ಹೋಗಿ ತಪ್ಪಾಯಿತೆಂದಳು. ಆಶಾರಾಣಿ ಗೋಡೆ ಕಡೆ ತಿರುಗಿಕೊಂಡಳು. ಹಾಸನದಲ್ಲಿ ಗಾರ್ಮೆಂಟ್ಸ್ ಕೆಲಸ ಸಿಕ್ಕಿ ಹೊರಟ ದಿನ, ಮಗಳನ್ನು ಸೊಂಟಕ್ಕೇರಿಸಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಮುರಿದ ಹಲ್ಲಿನ ಜಾಗ ಹಾಗೇ ಇತ್ತು.

"ನಿಮ್ಮನ್ನ ಕ್ಸಮಿಸಿವ್ನಿ ಅಂತ ಅನ್ಕಬ್ಯಾಡಿ" ಎಂದಳು. "ಆದ್ರೆ ಅವತ್ತಿಂದ ಈಚ್ಗೆ ನಾನು ಇವ್ಳ ಮೈ ಮುಟ್ಟಿಲ್ಲ. ಏಳ್ಬೇಕನ್ನುಸ್ತು."

ಮುದ್ದಮ್ಮ ತಲೆಯಾಡಿಸಿದಳು. ದಾರಿಗೆಂದು ನಾಲ್ಕು ರೊಟ್ಟಿ ಸುತ್ತಿಟ್ಟಿದ್ದಳು. ಕೊಡಲು ಹೋದಾಗ ಮಗು ಹೆದರಿ ಅಮ್ಮನ ಕೊರಳಿಗೆ ಮುಖ ಹುದುಗಿಸಿತು. ಮುದ್ದಮ್ಮ ಎರಡು ಹೆಜ್ಜೆ ಹಿಂದೆ ಸರಿದು ಪೊಟ್ಟಣವನ್ನು ಜಗುಲಿಯ ಮೇಲಿಟ್ಟಳು. ಆಶಾರಾಣಿ ತೆಗೆದುಕೊಂಡು ಬಸ್ಸಿಗೆ ಹೋದಳು.